ಹಳೆಯ ಗೇಮಿಂಗ್ ಕಂಪ್ಯೂಟರ್: ರಿಪೇರಿಯೋ, ಅಪ್‌ಗ್ರೇಡೋ? ಹಂತ ಹಂತವಾಗಿ ನಿರ್ಧರಿಸುವ ಬಗೆ

ಗೇಮ್ ತಡವರಿಸುತ್ತಿದೆ ಅಂತ ಹೊಸ ಗ್ರಾಫಿಕ್ಸ್ ಕಾರ್ಡ್ ತರುತ್ತಾರೆ. ಹಾಕಿದ ಮೇಲೂ ತಡವರಿಕೆ ಹಾಗೇ ಇರುತ್ತದೆ. ಆಮೇಲೆ ರ‍್ಯಾಮ್ ಸೇರಿಸುತ್ತಾರೆ. ಅದರಿಂದಲೂ ಏನೂ ಆಗುವುದಿಲ್ಲ. ಕೊನೆಗೆ ಬಿಚ್ಚಿ ನೋಡಿದರೆ ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಬಿಸಿ ತಾಳಲಾರದೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಂಡಿರುತ್ತದೆ. ಇಷ್ಟೆಲ್ಲ ಖರ್ಚಾದ ಮೇಲೆ ಇದು ಗೊತ್ತಾಗುತ್ತದೆ ಅನ್ನುವುದೇ ಬೇಜಾರಿನ ವಿಷಯ.

ತೊಂದರೆ ಎರಡು ಬಗೆಯದು. ಒಂದು, ಏನೋ ಕೆಟ್ಟಿದೆ. ಇನ್ನೊಂದು, ಎಲ್ಲ ಸರಿಯಾಗೇ ಇದೆ, ಆದರೆ ಈಗಿನ ಗೇಮ್‌ಗಳಿಗೆ ಸಾಲುತ್ತಿಲ್ಲ. ಮೊದಲನೆಯದಕ್ಕೆ ರಿಪೇರಿ, ಎರಡನೆಯದಕ್ಕೆ ಅಪ್‌ಗ್ರೇಡ್. ಕೆಟ್ಟಿರುವುದನ್ನು ಹಳತಾಯಿತು ಅಂದುಕೊಳ್ಳುವುದು, ಜ್ವರ ಬಂದವನನ್ನು ಮುದುಕ ಅಂದ ಹಾಗೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. 6ನೇ ಹಂತ ಮುಗಿಯುವ ತನಕ ವೇಗಕ್ಕಾಗಿ ಯಾವ ಭಾಗವನ್ನೂ ಕೊಳ್ಳಬೇಡಿ.

## ಮೊದಲೇ ಇಟ್ಟುಕೊಳ್ಳಬೇಕಾದದ್ದು

ಪ್ಲಸ್ ತುದಿಯ ಸ್ಕ್ರೂಡ್ರೈವರ್, ಮೆತ್ತನೆಯ ಬ್ರಷ್, ಗಾಳಿ ಊದುವ ಬ್ಲೋವರ್ ಅಥವಾ ಕ್ಯಾನ್, ಥರ್ಮಲ್ ಪೇಸ್ಟ್, ಶೇ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಒಂದು ಟಾರ್ಚ್, ಒಂದು ಪೆನ್ ಡ್ರೈವ್.

ಸಾಫ್ಟ್‌ವೇರ್ ಎಲ್ಲವೂ ಉಚಿತವಾಗಿ ಸಿಗುತ್ತವೆ. ತಾಪಮಾನ ನೋಡಲು ಎಚ್‌ಡಬ್ಲ್ಯೂಇನ್ಫೊ64, ಗೇಮ್ ನಡೆಯುವಾಗಲೇ ಅಂಕಿಗಳನ್ನು ತೋರಿಸಲು ಎಂಎಸ್‌ಐ ಆಫ್ಟರ್‌ಬರ್ನರ್, ಡಿಸ್ಕ್‌ಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ರ‍್ಯಾಮ್‌ಗೆ ಮೆಮ್‌ಟೆಸ್ಟ್86, ಮದರ್‌ಬೋರ್ಡ್ ವಿವರಕ್ಕೆ ಸಿಪಿಯು-ಝಡ್. ಪ್ರತಿಯೊಂದನ್ನೂ ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಆಫ್ಟರ್‌ಬರ್ನರ್ ಹೆಸರಿನಲ್ಲಿ ನಕಲಿ ತಾಣಗಳು ವೈರಸ್ ಹಂಚಿದ್ದುಂಟು.

## ಹಂತ 1: ತೊಂದರೆಯನ್ನು ಬರೆದಿಡಿ

"ಸ್ಲೋ ಆಗಿದೆ" ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಮೂರು ಪ್ರಶ್ನೆಗೆ ಉತ್ತರ ಬರೆಯಿರಿ.

ಹೋದ ವರ್ಷ ಚೆನ್ನಾಗಿ ಓಡುತ್ತಿದ್ದ ಗೇಮ್, ಅದೇ ಸೆಟ್ಟಿಂಗ್‌ನಲ್ಲಿ ಈಗ ಓಡುತ್ತಿಲ್ಲವಾ? ಹಾಗಿದ್ದರೆ ಏನೋ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಆದರೆ ಆನ್‌ಲೈನ್ ಗೇಮ್‌ಗಳು ಅಪ್‌ಡೇಟ್ ಆಗುತ್ತಾ ಭಾರವಾಗುತ್ತವೆ. ಹಾಗಾಗಿ ಅಪ್‌ಡೇಟ್ ಆಗದ ಹಳೆಯ ಗೇಮ್ ಒಂದರಲ್ಲಿ ಪರೀಕ್ಷಿಸಿ.

ಹಳೆಯದೆಲ್ಲ ಸರಿ, ಹೊಸ ಗೇಮ್ ಮಾತ್ರ ಕಷ್ಟವಾ? ಅದು ಸಾಲದಿರುವ ಲಕ್ಷಣ.

ಶುರು ಮಾಡಿದಾಗ ಸರಿ ಇದ್ದು, ಅರ್ಧ ಗಂಟೆ ಕಳೆದ ಮೇಲೆ ಕೆಡುತ್ತದಾ? ಬಹುಪಾಲು ಬಿಸಿಯೇ ಕಾರಣ.

ಆಮೇಲೆ ಒಂದು ಗೇಮ್ ಆರಿಸಿ, ಅದರ ಒಂದೇ ಜಾಗದಲ್ಲಿ ಐದು ನಿಮಿಷ ಆಡಿ. ಸರಾಸರಿ ಎಫ್‌ಪಿಎಸ್ (ಒಂದು ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಲೆಕ್ಕ), ಪ್ರೊಸೆಸರ್ ತಾಪಮಾನ, ಗ್ರಾಫಿಕ್ಸ್ ಕಾರ್ಡ್ ತಾಪಮಾನ ಇವನ್ನು ಗುರುತು ಮಾಡಿ. ಮುಂದೆ ಏನೇ ಬದಲಾಯಿಸಿದರೂ ಹೋಲಿಸಿ ನೋಡುವುದು ಈ ಅಂಕಿಗಳ ಜೊತೆಗೇ. ಇವು ಇಲ್ಲದಿದ್ದರೆ "ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತಿದೆ" ಅನ್ನುವ ಅಂದಾಜಿನಲ್ಲೇ ಉಳಿಯುತ್ತೀರಿ.

## ಹಂತ 2: ಡಿಸ್ಕ್ ನೋಡಿ, ಬ್ಯಾಕಪ್ ತೆಗೆಯಿರಿ

ಮಿಕ್ಕಿದ್ದೆಲ್ಲ ಕೆಟ್ಟರೆ ಮತ್ತೆ ಕೊಳ್ಳಬಹುದು. ಡಿಸ್ಕ್‌ನಲ್ಲಿರುವ ಫೋಟೊ, ಸೇವ್ ಫೈಲ್‌ಗಳು ಹಾಗೆ ಸಿಗುವುದಿಲ್ಲ. ಅದಕ್ಕೇ ಈ ಹಂತ ಇಷ್ಟು ಮುಂದೆ ಬಂದಿದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದರೆ ಮೇಲೆ ಒಂದು ಬಣ್ಣದ ಚೌಕ ಕಾಣುತ್ತದೆ. ಹಳದಿ ಅಥವಾ ಕೆಂಪು ಇದ್ದರೆ ಅಲ್ಲೇ ನಿಲ್ಲಿಸಿ, ಮೊದಲು ಬ್ಯಾಕಪ್ ತೆಗೆಯಿರಿ. ಹಾರ್ಡ್ ಡಿಸ್ಕ್ ಆದರೆ ಪಟ್ಟಿಯಲ್ಲಿ 05, ಸಿ5, ಸಿ6 ಅನ್ನುವ ಸಾಲುಗಳನ್ನು ನೋಡಿ. ಕೆಟ್ಟುಹೋದ ಅಥವಾ ಓದಲಾಗದ ಸೆಕ್ಟರ್‌ಗಳ ಲೆಕ್ಕ ಅಲ್ಲಿರುತ್ತದೆ. ಈ ವಾರ ನೋಡಿದ ಅಂಕಿ ಮುಂದಿನ ವಾರಕ್ಕೆ ಏರಿದ್ದರೆ ಆ ಡಿಸ್ಕ್ ಬದಲಾಯಿಸಲೇಬೇಕು. ಸಿ7 ಸಾಲಿನ ಅಂಕಿ ಮಾತ್ರ ಏರುತ್ತಿದ್ದರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ನ ತೊಂದರೆ. ಕೇಬಲ್ ಬದಲಾಯಿಸಿದರೆ ಅಂಕಿ ಅಲ್ಲಿಗೇ ನಿಲ್ಲುತ್ತದೆ.

ವಿಂಡೋಸ್ ಇನ್ನೂ ಹಾರ್ಡ್ ಡಿಸ್ಕ್ ಮೇಲೆ ಓಡುತ್ತಿದ್ದರೆ ಎಸ್‌ಎಸ್‌ಡಿ ತರುವುದಕ್ಕೆ ಹೆಚ್ಚು ಯೋಚನೆ ಬೇಡ. 6ನೇ ಹಂತದ ತನಕ ಕೊಳ್ಳಬೇಡಿ ಅಂದ ಮಾತಿಗೆ ಇದೊಂದೇ ವಿನಾಯಿತಿ. ನಾಳೆ ಇಡೀ ಕಂಪ್ಯೂಟರ್ ಬದಲಾದರೂ ಎಸ್‌ಎಸ್‌ಡಿ ಹೊಸದಕ್ಕೆ ಬರುತ್ತದೆ. ಎಫ್‌ಪಿಎಸ್ ಜಾಸ್ತಿ ಆಗುತ್ತದೆ ಅಂತ ಮಾತ್ರ ನಿರೀಕ್ಷಿಸಬೇಡಿ. ಲೋಡಿಂಗ್ ಬೇಗ ಆಗುತ್ತದೆ. ದೊಡ್ಡ ನಕ್ಷೆಯ ಗೇಮ್‌ಗಳಲ್ಲಿ ಹೊಸ ಜಾಗಕ್ಕೆ ಹೋದಾಗ ಆಗುವ ಜಗ್ಗಾಟ ಕಡಿಮೆಯಾಗುತ್ತದೆ.

## ಹಂತ 3: ಧೂಳು ಮತ್ತು ಬಿಸಿ

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿಯಿರಿ. ಉಳಿದ ಚಾರ್ಜ್ ಇಳಿಯುತ್ತದೆ. ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ.

ಎಲ್ಲರೂ ಫ್ಯಾನ್ ರೆಕ್ಕೆ ಒರೆಸಿ ಮುಗಿಸುತ್ತಾರೆ. ಅಸಲಿ ಧೂಳು ಕೂತಿರುವುದು ಫ್ಯಾನ್‌ಗೂ ಹೀಟ್‌ಸಿಂಕ್‌ಗೂ ನಡುವೆ. ಫ್ಯಾನ್‌ನ ಸ್ಕ್ರೂ ಅಥವಾ ಕ್ಲಿಪ್ ಬಿಚ್ಚಿ, ಅದನ್ನು ಎತ್ತಿ ಟಾರ್ಚ್ ಬಿಡಿ. ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಬೂದು ಬಣ್ಣದ ಪದರ ಹಾಸಿಕೊಂಡಿರುತ್ತದೆ. ಕೆಲವೊಮ್ಮೆ ಉಗುರಿನಲ್ಲಿ ಹಿಡಿದು ಎಳೆದರೆ ಇಡಿಯಾಗಿ ಕಿತ್ತು ಬರುವಷ್ಟು ದಪ್ಪ ಇರುತ್ತದೆ. ಅದರ ಮೂಲಕ ಗಾಳಿ ಹೋಗುವುದೇ ಇಲ್ಲ. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಬರೀ ಸದ್ದು. ಗ್ರಾಫಿಕ್ಸ್ ಕಾರ್ಡ್‌ನಲ್ಲೂ ಇದೇ ಕಥೆ.

ಗಾಳಿ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಬಿಟ್ಟರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ನಾಲ್ಕೈದು ವರ್ಷ ಪೇಸ್ಟ್ ಬದಲಾಯಿಸದಿದ್ದರೆ ಈಗ ಬದಲಾಯಿಸಿ. ಎಎಂ4 ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗ) ಎಎಂಡಿ ರೈಜನ್ ಪ್ರೊಸೆಸರ್ ಇದ್ದವರು ಇಲ್ಲಿ ಹುಷಾರಾಗಿರಬೇಕು. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದುಕೊಂಡು, ಕೂಲರ್ ಎತ್ತಿದಾಗ ಲಾಕ್ ಹಾಕಿದ ಸಾಕೆಟ್‌ನಿಂದಲೇ ಪ್ರೊಸೆಸರ್ ಕಿತ್ತು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಇದನ್ನು ತಪ್ಪಿಸಲು ಹತ್ತು ನಿಮಿಷ ಗೇಮ್ ಓಡಿಸಿ ಪ್ರೊಸೆಸರ್ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ನೇರವಾಗಿ ಎಳೆಯದೆ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತಾ ಬಿಡಿಸಿ.

ಈಗ ಮತ್ತೆ ಅದೇ ಐದು ನಿಮಿಷದ ಪರೀಕ್ಷೆ. ಗೇಮ್ ಆಡುವಾಗ ಪ್ರೊಸೆಸರ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ಅಥವಾ ಅದಕ್ಕಿಂತ ಕೆಳಗಿದ್ದರೆ ನೆಮ್ಮದಿ. ಬಹಳಷ್ಟು ಇಂಟೆಲ್ ಪ್ರೊಸೆಸರ್‌ಗಳು 100 ಡಿಗ್ರಿ ಹತ್ತಿರ, ರೈಜನ್ 90ರಿಂದ 95ರ ಹತ್ತಿರ ವೇಗ ಇಳಿಸುತ್ತವೆ. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸಾಮಾನ್ಯ ತಾಪಮಾನ ಮತ್ತು ಹಾಟ್‌ಸ್ಪಾಟ್ (ಚಿಪ್‌ನಲ್ಲಿ ಅತಿ ಬಿಸಿಯಾದ ಜಾಗ) ಎರಡನ್ನೂ ನೋಡಿ. ಎರಡರ ನಡುವೆ 25 ಡಿಗ್ರಿಗಿಂತ ಜಾಸ್ತಿ ಅಂತರ ಇದ್ದರೆ ಕಾರ್ಡ್‌ನ ಪೇಸ್ಟ್ ಹೋಗಿದೆ ಅಂತ ಅನುಮಾನ ಪಡಬಹುದು.

## ಹಂತ 4: ಖರ್ಚಿಲ್ಲದ ಸೆಟ್ಟಿಂಗ್‌ಗಳು

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಹಾಕಿದ್ದೀರಾ ನೋಡಿ. ಮದರ್‌ಬೋರ್ಡ್‌ನ ಪೋರ್ಟ್‌ಗೆ ಹಾಕಿಕೊಂಡು ವರ್ಷಗಟ್ಟಲೆ ಆಡುವವರು ನಿಜಕ್ಕೂ ಇದ್ದಾರೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 60ಕ್ಕೇ ನಿಂತಿದೆಯಾ ಅದನ್ನೂ ನೋಡಿ.

ರ‍್ಯಾಮ್ ಡಿಡಿಆರ್4-3200 ಅಂತ ಬರೆದಿದ್ದರೂ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಮಾಡದಿದ್ದರೆ ಅದು 2133 ಅಥವಾ 2666ರಲ್ಲೇ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಕಾಣುತ್ತದೆ. ಒಂದೇ ಸ್ಟಿಕ್ ಇದ್ದರೆ ಸಿಂಗಲ್ ಚಾನೆಲ್. ಪ್ರೊಸೆಸರ್‌ಗೆ ಡೇಟಾ ಬರುವ ದಾರಿ ಅರ್ಧಕ್ಕೆ ಇಳಿದಂತೆ. ಎರಡು ಸ್ಟಿಕ್ ಇದ್ದು ನಾಲ್ಕು ಸ್ಲಾಟ್ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಇರಬೇಕು. ಮ್ಯಾನುಯಲ್ ನೋಡಿ ಖಚಿತ ಮಾಡಿಕೊಳ್ಳಿ.

ಕೊನೆಗೆ ಡಿಡಿಯು ಅನ್ನುವ ಸಾಫ್ಟ್‌ವೇರ್‌ನಿಂದ, ಸೇಫ್ ಮೋಡ್‌ನಲ್ಲಿ, ಹಳೆಯ ಗ್ರಾಫಿಕ್ಸ್ ಡ್ರೈವರ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿ.

ಈ ನಾಲ್ಕು ಹಂತಕ್ಕೇ ಎಷ್ಟೋ ಜನರ ತೊಂದರೆ ಮುಗಿದುಹೋಗುತ್ತದೆ. ನಿಮ್ಮದೂ ಮುಗಿದಿದ್ದರೆ ಸುಮ್ನೆ ದುಡ್ಡು ಹಾಕಬೇಡಿ, ಗೇಮ್ ಆಡಿ.

## ಹಂತ 5: ನಿಜವಾಗಿ ಕೆಟ್ಟಿರುವುದು ಯಾವುದು?

ಹ್ಯಾಂಗ್, ತಾನೇ ರೀಸ್ಟಾರ್ಟ್, ನೀಲಿ ಪರದೆ, ಚಿತ್ರ ಚೂರುಚೂರಾಗುವುದು ಇವೆಲ್ಲ ಕೆಟ್ಟಿರುವ ಲಕ್ಷಣಗಳು. ಬರೀ ಎಫ್‌ಪಿಎಸ್ ಕಡಿಮೆ ಇದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ಭಾರ ಬಿದ್ದ ತಕ್ಷಣ ಪೂರ್ತಿ ಆಫ್ ಆಗುವುದು. ಮೊದಲ ಅನುಮಾನ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬ) ಮೇಲೆ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಕಾಣಬಹುದು. ಇಲ್ಲೇ ಬಹಳ ಜನ ಎಡವುತ್ತಾರೆ. 41 ಅಂದರೆ "ಸರಿಯಾಗಿ ಶಟ್‌ಡೌನ್ ಆಗಲಿಲ್ಲ" ಅಂತ ಅಷ್ಟೇ. ಅದು ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಹೇಳುವುದಿಲ್ಲ. ಬೇರೆ ಎಸ್‌ಎಂಪಿಎಸ್ ಎರವಲು ತಂದು ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. 12 ವೋಲ್ಟ್ ಸಾಲು ಭಾರ ಬಿದ್ದಾಗ 11.4ಕ್ಕಿಂತ ಕೆಳಗೆ ಹೋಗಬಾರದು. ಸಾಫ್ಟ್‌ವೇರ್ ತೋರಿಸುವ ವೋಲ್ಟೇಜ್ ಆಗಾಗ ತಪ್ಪಿರುತ್ತದೆ, ಹಾಗಾಗಿ ಮಲ್ಟಿಮೀಟರ್‌ನಲ್ಲೇ ಅಳೆಯಬೇಕು. ಅಭ್ಯಾಸ ಇಲ್ಲದಿದ್ದರೆ ಬಲ್ಲವರ ಹತ್ತಿರ ಅಳೆಸಿ.

ಎಸ್‌ಎಂಪಿಎಸ್ ಡಬ್ಬವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ತರುವಷ್ಟು ಚಾರ್ಜ್ ಉಳಿದಿರಬಹುದು. ಸುಟ್ಟ ವಾಸನೆ ಬಂದಿದ್ದರೆ ಮತ್ತೊಮ್ಮೆ ಆನ್ ಮಾಡಿ ನೋಡುವ ಆಸೆಯನ್ನೂ ಬಿಡಿ. ಇದಕ್ಕೆ ರಿಪೇರಿ ಬೇಡ, ಹೊಸದೇ ಬೇಕು.

ಪರದೆಯಲ್ಲಿ ಚುಕ್ಕೆ, ಬಣ್ಣದ ಚೌಕ, ಗೆರೆ. ಗೇಮ್‌ನಲ್ಲಿ ಮಾತ್ರ ಬಂದರೆ ಬಿಸಿ, ಡ್ರೈವರ್ ಅಥವಾ ಓವರ್‌ಕ್ಲಾಕ್ (ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವುದು) ಇರಬಹುದು. ಬಯಾಸ್ ಪರದೆಯಲ್ಲೂ ಬಂದರೆ ಕೇಬಲ್ ಮತ್ತು ಮಾನಿಟರ್ ಬದಲಾಯಿಸಿ ನೋಡಿ. ಆಗಲೂ ಹೋಗದಿದ್ದರೆ ಕಾರ್ಡ್‌ನ ಮೆಮೊರಿ ಚಿಪ್ ಕೆಟ್ಟಿರುವ ಸಾಧ್ಯತೆ ದೊಡ್ಡದು. ಕಾರ್ಡನ್ನು ಓವನ್‌ನಲ್ಲಿ ಬಿಸಿ ಮಾಡುವ ವಿಡಿಯೊಗಳನ್ನು ನಂಬಬೇಡಿ. ಸರಿಯಾದಂತೆ ಕಂಡರೂ ಅದು ಕೆಲವೇ ದಿನ. ಜೊತೆಗೆ ಅಡುಗೆ ಮಾಡುವ ಓವನ್‌ನಲ್ಲಿ ವಿಷದ ಹೊಗೆ ತುಂಬುತ್ತದೆ.

ಪ್ರತಿ ಸಲ ಬೇರೆ ಬೇರೆ ನೀಲಿ ಪರದೆ. ರ‍್ಯಾಮ್ ನೋಡಿ. ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ನಾಲ್ಕು ಸುತ್ತು ಪೂರ್ತಿ ಓಡಲು ಬಿಡಿ. ಒಂದೇ ಒಂದು ತಪ್ಪು ಬಂದರೂ ಫೇಲ್ ಅಂತಲೇ ಲೆಕ್ಕ. ತಕ್ಷಣ ರ‍್ಯಾಮ್ ಎಸೆಯಬೇಡಿ. ಎಕ್ಸ್‌ಎಂಪಿ ಆಫ್ ಮಾಡಿ ಮತ್ತೊಮ್ಮೆ, ಆಮೇಲೆ ಒಂದೊಂದೇ ಸ್ಟಿಕ್ ಹಾಕಿ ಓಡಿಸಿ. ಸ್ಟಿಕ್ ಕೆಟ್ಟಿದೆಯೋ, ಸ್ಲಾಟ್ ಕೆಟ್ಟಿದೆಯೋ ಆಗ ಗೊತ್ತಾಗುತ್ತದೆ.

ದಿನಾಂಕ, ಸಮಯ, ಬಯಾಸ್ ಸೆಟ್ಟಿಂಗ್ ಮರೆತುಹೋಗುವುದು. ಮದರ್‌ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಹಾಕಿ. ಮುಗಿಯಿತು.

ಇಂಟೆಲ್ 13, 14ನೇ ಪೀಳಿಗೆಯಲ್ಲಿ ಗೇಮ್ ಕ್ರ್ಯಾಶ್. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ "ವಿಡಿಯೊ ಮೆಮೊರಿ ಸಾಲದು" ಅಂತ ತಪ್ಪು ತೋರಿಸುತ್ತಿದ್ದರೆ ಪ್ರೊಸೆಸರ್ ಮೇಲೆ ಅನುಮಾನ ಪಡಿ. ಈ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜ್‌ನಿಂದ ಸವೆಯುತ್ತಿದ್ದವು. ಇಂಟೆಲ್ 2024ರಲ್ಲಿ ಮೈಕ್ರೊಕೋಡ್ (ಬಯಾಸ್ ಜೊತೆ ಬರುವ ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ತಿದ್ದುಪಡಿ ಕೊಟ್ಟು, ಈ ತೊಂದರೆ ಇರುವ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಹೊಸ ಬಯಾಸ್ ಹಾಕಿದರೆ ಸವೆತ ತಡೆಯಬಹುದು, ಆಗಲೇ ಸವೆದದ್ದು ಸರಿಯಾಗುವುದಿಲ್ಲ. ಹಾಗಾಗಿ ದುಡ್ಡು ಕೊಟ್ಟು ಬೇರೆ ತರುವ ಮೊದಲು ವಾರಂಟಿ ಕೇಳಿ.

## ಹಂತ 6: ಯಾವುದು ಸಾಲುತ್ತಿಲ್ಲ ಅಂತ ಅಳೆಯಿರಿ

ಈಗ ಕಂಪ್ಯೂಟರ್ ಆರೋಗ್ಯವಾಗಿದೆ. ಆದರೂ ನಿಧಾನ. ಆಫ್ಟರ್‌ಬರ್ನರ್ ಆನ್ ಮಾಡಿ, ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರ್‌ನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಎಫ್‌ಪಿಎಸ್ ಮಿತಿ ತೆಗೆದು, ನಿಮ್ಮ ಗೇಮ್ ಆಡಿ.

ಗ್ರಾಫಿಕ್ಸ್ ಕಾರ್ಡ್ ಬಳಕೆ ಶೇ 95ಕ್ಕಿಂತ ಮೇಲೇ ನಿಂತಿದ್ದರೆ ಕಾರ್ಡ್ ಸಾಲುತ್ತಿಲ್ಲ. ಅದು 60, 70ರಲ್ಲಿ ಇದ್ದು ಎಫ್‌ಪಿಎಸ್ ಕಡಿಮೆ ಇದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಹಿಂದೆ ಬಿದ್ದಿದೆ. ಪ್ರೊಸೆಸರ್‌ನ ಒಟ್ಟು ಬಳಕೆ ಶೇ 40 ಅಂತ ನೋಡಿ ಮೋಸ ಹೋಗಬೇಡಿ. ಬಹಳಷ್ಟು ಗೇಮ್‌ಗಳಲ್ಲಿ ಒಂದೋ ಎರಡೋ ಕೋರ್ ಮೇಲೆ ಪೂರ್ತಿ ಭಾರ ಬಿದ್ದು, ಮಿಕ್ಕವು ಸುಮ್ಮನೆ ಕೂತಿರುತ್ತವೆ. ಪ್ರತಿ ಕೋರ್‌ನ ಅಂಕಿ ಬೇರೆ ಬೇರೆ ನೋಡಬೇಕು.

ಇನ್ನೂ ಅನುಮಾನ ಇದ್ದರೆ ಸುಲಭದ ಉಪಾಯ ಒಂದಿದೆ. ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಕಾರ್ಡ್ ಬದಲಾಯಿಸಿ ಪ್ರಯೋಜನ ಉಂಟು. ಇದ್ದಲ್ಲೇ ಇದ್ದರೆ, ಎಷ್ಟು ದೊಡ್ಡ ಕಾರ್ಡ್ ತಂದರೂ ಅದೇ ಎಫ್‌ಪಿಎಸ್. ಕಾರ್ಡ್ ಕೊಳ್ಳುವ ಮೊದಲು ಎರಡು ನಿಮಿಷದ ಈ ಪರೀಕ್ಷೆ ಮಾಡಿ. ಈ ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೇನೆ ಅಂದರೆ ಇದನ್ನು ಮಾಡಿ.

ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದೂ ತಡವರಿಸುತ್ತಿದ್ದರೆ ಆಫ್ಟರ್‌ಬರ್ನರ್‌ನಲ್ಲಿ ಫ್ರೇಮ್‌ಟೈಮ್ (ಒಂದೊಂದು ಚಿತ್ರಕ್ಕೆ ಹಿಡಿಯುವ ಸಮಯ) ಗೆರೆ ನೋಡಿ. 60 ಎಫ್‌ಪಿಎಸ್‌ಗೆ ಒಂದು ಫ್ರೇಮ್ 16.7 ಮಿಲಿಸೆಕೆಂಡ್. ಗೆರೆ ನಡುನಡುವೆ 50ಕ್ಕೆ ಚಿಮ್ಮುತ್ತಿದ್ದರೆ ಕಣ್ಣಿಗೆ ಜಗ್ಗಿದಂತೆ ಕಾಣುತ್ತದೆ. ಆ ಹೊತ್ತಿಗೆ ರ‍್ಯಾಮ್ ತುಂಬಿದೆಯಾ, ಕಾರ್ಡ್‌ನ ಮೆಮೊರಿ ತುಂಬಿದೆಯಾ ನೋಡಿ. ಕಾರ್ಡ್ ಮೆಮೊರಿ ತುಂಬಿದ್ದರೆ ಟೆಕ್ಸ್ಚರ್ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ. ಅಷ್ಟಕ್ಕೇ ಸರಿಹೋಗಬಹುದು. ಈಗಿನ ಗೇಮ್‌ಗಳಿಗೆ 8 ಜಿಬಿ ರ‍್ಯಾಮ್ ಸಾಲದು, 16 ಇರಲೇಬೇಕು.

## ಹಂತ 7: ನಿಮ್ಮ ಮದರ್‌ಬೋರ್ಡ್ ಎಲ್ಲಿಯವರೆಗೆ ಬರುತ್ತದೆ?

ಅಪ್‌ಗ್ರೇಡ್‌ನ ಮಿತಿ ಇರುವುದು ಇಲ್ಲಿ. ಸಿಪಿಯು-ಝಡ್‌ನಲ್ಲಿ ಬೋರ್ಡ್ ಹೆಸರು ನೋಡಿ, ತಯಾರಕರ ತಾಣದಲ್ಲಿ ಆ ಬೋರ್ಡ್‌ನ ಪ್ರೊಸೆಸರ್ ಪಟ್ಟಿ ತೆರೆಯಿರಿ. ಪಟ್ಟಿಯಲ್ಲಿ ಇಲ್ಲದ್ದನ್ನು ಕೊಳ್ಳಬೇಡಿ.

ಎಎಂ4 ಬೋರ್ಡ್ ಇದ್ದವರು ಅದೃಷ್ಟವಂತರು. ಬಿ450 ಬೋರ್ಡ್‌ನಲ್ಲಿ ರೈಜನ್ 5 2600 ಇದ್ದರೆ, ಬಯಾಸ್ ಅಪ್‌ಡೇಟ್ ಮಾಡಿ ರೈಜನ್ 5 5600 ಅಥವಾ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರುವ 5700ಎಕ್ಸ್3ಡಿ ಹಾಕಬಹುದು. ಬೋರ್ಡ್, ರ‍್ಯಾಮ್ ಎರಡೂ ಹಾಗೇ ಇರುತ್ತವೆ. ಬಯಾಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಬೇಕು. ಹೊಸದು ಹಾಕಿದ ಮೇಲೆ ಪರದೆ ಕಪ್ಪಾಗಿ ಕೂತರೆ ಮತ್ತೆ ಎಲ್ಲ ಬಿಚ್ಚುವ ಪಾಡು.

ಇಂಟೆಲ್‌ನಲ್ಲಿ ಲೆಕ್ಕ ಬೇರೆ. 6, 7ನೇ ಪೀಳಿಗೆಯ ಬೋರ್ಡ್‌ಗೂ 8, 9ನೇ ಪೀಳಿಗೆಯ ಬೋರ್ಡ್‌ಗೂ ಎಲ್‌ಜಿಎ1151 ಅಂತಲೇ ಹೆಸರು. ಆದರೆ ಒಂದರದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ. ಐ5-7400 ಇದ್ದವರಿಗೆ ಆ ಬೋರ್ಡ್‌ನಲ್ಲಿ ಸಿಗುವ ತುದಿ ಅಂದರೆ ಐ7-7700ಕೆ. ಅದಕ್ಕೂ ನಾಲ್ಕೇ ಕೋರ್. ಅದಕ್ಕಾಗಿ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಜೊತೆಗೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಪ್ರೊಸೆಸರ್‌ಗಳ ಪಟ್ಟಿ ಹೆಚ್ಚೂಕಡಿಮೆ ಇಂಟೆಲ್ 8ನೇ ಪೀಳಿಗೆ, ರೈಜನ್ 2000 ಸಾಲಿನಿಂದ ಶುರುವಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್‌ಗೆ ಸಾಕೆಟ್ ಅಡ್ಡಿ ಇಲ್ಲ, ಆದರೆ ಮೂರು ವಿಷಯ ನೋಡಬೇಕು. ಕ್ಯಾಬಿನೆಟ್‌ನಲ್ಲಿ ಉದ್ದ ಹಿಡಿಸುತ್ತದಾ? ಎಸ್‌ಎಂಪಿಎಸ್‌ಗೆ ವ್ಯಾಟ್ ಮತ್ತು ಕನೆಕ್ಟರ್ ಇದೆಯಾ? ಸ್ಲಾಟ್‌ನಿಂದ 75 ವ್ಯಾಟ್, ಪ್ರತಿ 8-ಪಿನ್‌ನಿಂದ 150 ವ್ಯಾಟ್ ಅಂತ ಲೆಕ್ಕ. ಮೂರನೆಯದು, ಕಾರ್ಡ್ ಕೂರುವ ಸ್ಲಾಟ್ ಹಳೆಯ ಪಿಸಿಐಇ 3.0 ಆಗಿದ್ದರೆ ಆರ್‌ಎಕ್ಸ್ 6500 ಎಕ್ಸ್‌ಟಿಯಂತಹ ನಾಲ್ಕೇ ಲೇನ್‌ನ (ಡೇಟಾ ಹೋಗುವ ದಾರಿ) ಕಾರ್ಡ್‌ಗಳಿಂದ ದೂರ ಇರಿ. ಅಲ್ಲಿ ಅವುಗಳ ವೇಗ ಗಣನೀಯವಾಗಿ ಇಳಿಯುತ್ತದೆ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೆ ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ ಸೌಲಭ್ಯ (ಪ್ರೊಸೆಸರ್ ಕಾರ್ಡ್‌ನ ಇಡೀ ಮೆಮೊರಿಯನ್ನು ಒಟ್ಟಿಗೆ ಮುಟ್ಟುವಂತೆ ಮಾಡುವುದು) ಇರಲೇಬೇಕು.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದು ಮಾತು. ಎನ್‌ವಿಡಿಯಾದ ಜಿಟಿಎಕ್ಸ್ 900 ಮತ್ತು 1000 ಸಾಲಿಗೆ ಗೇಮ್ ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿತು. ಇನ್ನು ಭದ್ರತಾ ಅಪ್‌ಡೇಟ್ ಮಾತ್ರ. ಡೂಮ್: ದ ಡಾರ್ಕ್ ಏಜಸ್‌ನಂತಹ ಗೇಮ್‌ಗಳಿಗೆ ರೇ ಟ್ರೇಸಿಂಗ್ (ಬೆಳಕು ಹರಿಯುವ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಹಾರ್ಡ್‌ವೇರ್ ಇರುವ ಕಾರ್ಡ್ ಕಡ್ಡಾಯ. ಕಡಿಮೆಗೆ ಸಿಗುತ್ತಿದೆ ಅಂತ ಜಿಟಿಎಕ್ಸ್ 1080 ತರುವ ಕಾಲ ಮುಗಿದಿದೆ.

## ಹಂತ 8: ಲೆಕ್ಕ ಹಾಕಿ

ಬೇಕಾದ ಭಾಗಗಳನ್ನೆಲ್ಲ ಬರೆದು ಮೊತ್ತ ಕೂಡಿಸಿ. ಪಕ್ಕದಲ್ಲಿ ಅದೇ ಎಫ್‌ಪಿಎಸ್ ಕೊಡುವ ಹೊಸ ಕಂಪ್ಯೂಟರ್‌ನ ಬೆಲೆ ಬರೆಯಿರಿ.

ಒಂದು ಭಾಗ ಕೆಟ್ಟಿದೆ, ಮಿಕ್ಕಿದ್ದು ನಿಮಗೆ ಸಾಕಾಗಿದೆ ಅಂದರೆ ರಿಪೇರಿ. ಒಂದು ಅಥವಾ ಎರಡು ಭಾಗ ಬದಲಾಯಿಸಿದರೆ ಮೂರು ವರ್ಷ ಬರುತ್ತದೆ, ಬೋರ್ಡ್ ಹಾಗೇ ಇರುತ್ತದೆ ಅಂದರೆ ಅಪ್‌ಗ್ರೇಡ್. ಮದರ್‌ಬೋರ್ಡೇ ಹೋಗಿದೆ, ಪ್ರೊಸೆಸರ್ ನಾಲ್ಕು ಕೋರ್‌ನದು, ಮೊತ್ತ ಹೊಸದರ ಅರ್ಧ ದಾಟುತ್ತಿದೆ ಅಂದರೆ ನಿಲ್ಲಿಸಿ. ಡಿಡಿಆರ್4ರಿಂದ ಡಿಡಿಆರ್5ಕ್ಕೆ ಹೋಗುವುದು ಅಂದರೆ ಸಾಮಾನ್ಯವಾಗಿ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೆ ಬದಲಾಗುತ್ತವೆ. ಅದನ್ನು ಹೊಸ ಕಂಪ್ಯೂಟರ್ ಅಂತಲೇ ಲೆಕ್ಕ ಹಾಕಿ. ಆಗಲೂ ಕ್ಯಾಬಿನೆಟ್, ಎಸ್‌ಎಸ್‌ಡಿ, ಮಾನಿಟರ್, ಒಳ್ಳೆಯ ಎಸ್‌ಎಂಪಿಎಸ್ ಉಳಿಯುತ್ತವೆ ಅಲ್ವಾ? ಅವನ್ನು ಮೊತ್ತದಿಂದ ಕಳೆಯಿರಿ.

ಹಳೆಯ ಬೋರ್ಡ್ ಕೆಟ್ಟಾಗ ಅದೇ ಮಾದರಿಯ ಇನ್ನೊಂದು ಹಳೆಯ ಬೋರ್ಡ್ ಹುಡುಕುವುದನ್ನು ನಾನು ಬೇಡ ಅನ್ನುತ್ತೇನೆ. ಅದರ ವಯಸ್ಸೂ ನಿಮ್ಮದರಷ್ಟೇ.

## ಹಂತ 9: ಬದಲಾಯಿಸುವ ಕ್ರಮ

ಎಸ್‌ಎಂಪಿಎಸ್ ದುರ್ಬಲ ಇದ್ದರೆ ಅದು ಮೊದಲು. ಆಮೇಲೆ ಮಿಕ್ಕಿದ್ದು, ಒಂದು ಸಲಕ್ಕೆ ಒಂದೇ ಭಾಗ. ಮೂರು ಭಾಗ ಒಟ್ಟಿಗೆ ಹಾಕಿ ಕಂಪ್ಯೂಟರ್ ಆನ್ ಆಗದಿದ್ದರೆ ಯಾವುದರ ತಪ್ಪು ಅಂತ ಹೇಗೆ ಹೇಳುತ್ತೀರಿ?

ಮಾಡ್ಯುಲರ್ (ಕೇಬಲ್‌ಗಳನ್ನು ಬಿಡಿಸಿ ತೆಗೆಯಬಹುದಾದ) ಎಸ್‌ಎಂಪಿಎಸ್ ಹಾಕುವವರು ಹಳೆಯದರ ಕೇಬಲ್ ಉಳಿಸಿಕೊಳ್ಳಬೇಡಿ. ಎಸ್‌ಎಂಪಿಎಸ್ ಕಡೆಯ ಕನೆಕ್ಟರ್ ನೋಡಲು ಒಂದೇ ಥರ ಇದ್ದರೂ ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ತಪ್ಪು ಕೇಬಲ್ ಹಾಕಿ ಆನ್ ಮಾಡಿದ ಕ್ಷಣದಲ್ಲೇ ಎಸ್‌ಎಸ್‌ಡಿ, ಬೋರ್ಡ್ ಸುಟ್ಟುಹೋಗಬಹುದು. ಹೊಸ ಡಬ್ಬದಲ್ಲಿ ಬಂದ ಕೇಬಲ್‌ಗಳನ್ನೇ ಎಳೆಯಿರಿ, ಎಷ್ಟೇ ರಗಳೆ ಅನ್ನಿಸಿದರೂ. ಪ್ರತಿಷ್ಠಿತ ಕಂಪನಿಯ ರೆಡಿಮೇಡ್ ಕಂಪ್ಯೂಟರ್ ಆಗಿದ್ದರೆ ಬೋರ್ಡ್‌ನ ಪವರ್ ಕನೆಕ್ಟರ್ ಸಾಮಾನ್ಯ 24-ಪಿನ್ ಹೌದಾ ಅಂತ ಕೊಳ್ಳುವ ಮೊದಲೇ ನೋಡಿ. ಕೆಲವು ಕಂಪನಿಗಳು ತಮ್ಮದೇ ಆಕಾರ ಇಡುತ್ತವೆ.

ಪ್ರತಿ ಭಾಗ ಹಾಕಿದ ಮೇಲೂ 1ನೇ ಹಂತದ ಹಾಳೆ ತೆಗೆದು, ಅದೇ ಗೇಮ್, ಅದೇ ಜಾಗ, ಅದೇ ಐದು ನಿಮಿಷ. ಅಂಕಿ ಏರದಿದ್ದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಆ ಭಾಗವನ್ನು ಡಬ್ಬಕ್ಕೆ ಹಾಕಿ ಕಳಿಸಿ. ಅಲ್ಲಿಯ ತನಕ ಡಬ್ಬ, ಬಿಲ್, ಹಳೆಯ ಭಾಗ ಮೂರನ್ನೂ ಎತ್ತಿಟ್ಟುಕೊಂಡಿರಿ.